ನೀರು ಕುಡಿಯದ ಸಾಲು

ಇಲ್ಲಿ ಎಲ್ಲರೂ ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಡಯಟೀಶಿಯನ್ ಎಂದು ಶುರುವಿನಲ್ಲಿ ತಿದ್ದುತ್ತಿದ್ದೆ. ‘ಹಾಂ, ಅದೇ, ಊಟದ ಡಾಕ್ಟ್ರು’ ಎಂದು ಅವರೇ ನನ್ನನ್ನು ತಿದ್ದಿದ ಮೇಲೆ ಸುಮ್ಮನಾದೆ. ಹೊನ್ನಾವರದಲ್ಲಿ ನನ್ನದೊಂದು ಬಾಡಿಗೆ ಕೋಣೆ ಇದೆ. ವಾರಕ್ಕೊಂದು ದಿನ ಕುಮಟೆಗೂ ಇನ್ನೊಂದು ದಿನ ಭಟ್ಕಳಕ್ಕೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಭಟ್ಕಳದಲ್ಲಿ ನನ್ನ ಹರುಕು ಉರ್ದು ಕೇಳಿ ಹೆಂಗಸರು ನಕ್ಕು ಹಗುರಾಗುತ್ತಾರೆ, ಕುಮಟೆಯಲ್ಲಿ ನನ್ನ ಕೊಂಕಣಿ ಕೇಳಿ ನಗುತ್ತಾರೆ. ನಕ್ಕ ಮೇಲೆ ಹೊಟ್ಟೆಯ ಸಂಗತಿ ಹೇಳುವುದು ಸುಲಭವಾಗುತ್ತದೆ. ಹಾಗಾಗಿ ಎರಡು ಭಾಷೆಯನ್ನೂ ನಾನು ಪೂರ್ತಿ ಕಲಿಯಲು ಹೋಗಿಲ್ಲ.

ಹೊಟ್ಟೆಯ ತೊಂದರೆ ಎಂದು ಬಂದವರಿಗೆ ಮೊದಲು ಕೇಳುವುದು ನಿನ್ನೆ ಏನು ಊಟ ಮಾಡಿದಿರಿ ಎಂದು. ಕರಾವಳಿಯ ಅರ್ಧ ಮನೆಗಳಿಂದ ಬರುವ ಉತ್ತರ ‘ನಿನ್ನೆ ಎಂತ ಇಲ್ಲ’ ಎಂಬುದು. ಅಂದರೆ ಉಪವಾಸ ಎಂದಲ್ಲ, ಮೀನು ಇರಲಿಲ್ಲ ಎಂದು. ಬಸಳೆ ಹುಳಿ, ಅಲಸಂದೆ ಪಲ್ಯ, ಕುಚ್ಚಿಗೆ ಅಕ್ಕಿಯ ಗಂಜಿ, ಮಾವಿನಕಾಯಿ ಚಟ್ನಿ ಎಲ್ಲ ಇತ್ತು, ಆದರೆ ಅದು ಲೆಕ್ಕಕ್ಕಿಲ್ಲ. ಇನ್ನರ್ಧ ಮನೆಗಳಲ್ಲಿ, ಅಂದರೆ ನಾನು ಹುಟ್ಟಿದಂಥ ಮೀನಿಲ್ಲದ ಮನೆಗಳಲ್ಲಿ, ಸಸ್ಯಾಹಾರಿಗಳು ಎಂಬ ಜಂಬ ಇರುತ್ತದೆ. ಕೆದಕಿ ಕೇಳಿದರೆ ಬೆಳಿಗ್ಗೆ ಬಿಳಿ ಅಕ್ಕಿಯ ದೋಸೆ, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಮತ್ತೆ ಬಿಳಿ ಅನ್ನ, ಬದಿಯಲ್ಲಿ ಉಪ್ಪಿನಕಾಯಿ. ಸೊಪ್ಪು ತಿಂದು ಎಷ್ಟು ದಿನವಾಯಿತು ಎಂದರೆ ಗಂಡನ ಮುಖ ಹೆಂಡತಿ ನೋಡುತ್ತಾಳೆ, ಹೆಂಡತಿಯ ಮುಖ ಗಂಡ ನೋಡುತ್ತಾನೆ.

ನನ್ನ ವಿದ್ಯೆ ದೊಡ್ಡದೇನಲ್ಲ, ಆದರೆ ಅದರಲ್ಲಿ ನನಗೆ ಪೂರ್ತಿ ನಂಬಿಕೆ ಇದೆ. ತಟ್ಟೆಯ ಮುಕ್ಕಾಲು ಭಾಗ ಗಿಡ, ಬಳ್ಳಿ, ಕಾಳುಗಳಿಂದ ಬರಲಿ. ಅದೂ ಒಂದೇ ಗಿಡದಿಂದಲ್ಲ; ಇವತ್ತು ಹರಿವೆ, ನಾಳೆ ಬಾಳೆದಿಂಡು, ನಾಡಿದ್ದು ಹುರುಳಿ, ಮಳೆಗಾಲಕ್ಕೆ ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ನಮ್ಮ ಕರುಳಿನಲ್ಲಿ ನಾವು ಕಾಣದೆ ಸಾಕಿಕೊಂಡಿರುವ ಜೀವಿಗಳಿವೆ, ಅವಕ್ಕೂ ಮೇವು ಬೇಕು. ಉಳಿದ ಕಾಲು ಭಾಗದಲ್ಲಿ ಮೀನು ಇದ್ದರೆ ಇರಲಿ. ಮೀನು ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಆದರೂ ನನ್ನ ಮನೆತನ ಗೊತ್ತಿದ್ದವರು ಮೊದಲ ಸಲ ಬರುವಾಗ ನಾನು ಮೀನು ಬಿಡಿಸುತ್ತೇನೆಂದು ಹೆದರಿಯೇ ಬರುತ್ತಾರೆ.

ನನಗೆ ಸಿಟ್ಟು ಬರುವುದು ಪುಡಿಗಳ ಮೇಲೆ. ಹೊಟ್ಟೆ ಸ್ವಚ್ಛ ಮಾಡುವ ಪುಡಿ, ಕರುಳು ತೊಳೆಯುವ ಪುಡಿ, ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊದ ಪುಡಿ. ಕರುಳು ಚರಂಡಿಯಲ್ಲ, ತೊಳೆಯಲು. ಹೊಟ್ಟೆ ಕೆಟ್ಟವರ ಊಟ ಮಾತ್ರ ನೋಡಿದರೆ ಸಾಲದು. ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲಿ ಕೂರುತ್ತಾರೆ, ಯಾರಿಗೆ ಬಡಿಸಿ ಯಾವಾಗ ಉಣ್ಣುತ್ತಾರೆ, ಯಾರಿಗೆ ಹೆದರುತ್ತಾರೆ, ಎಲ್ಲ ನೋಡಬೇಕು. ಹೀಗೆ ಹೇಳಿದರೆ ನನ್ನ ಜೊತೆ ಓದಿದವರು ಪಟ್ಟಣಗಳಲ್ಲಿ ಕೂತು, ಅದಕ್ಕೆಲ್ಲ ಎಲ್ಲಿದೆ ಸಮಯ ಎನ್ನುತ್ತಾರೆ. ನನಗೆ ಸಮಯ ಇದೆ, ಹೊನ್ನಾವರದಲ್ಲಿ ಬೇರೇನು ಕೆಲಸ.

ಮೀನು ಮಾರುವ ಒಬ್ಬ ಹೆಂಗಸು ನನ್ನಲ್ಲಿಗೆ ಬಂದದ್ದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ಅವಳ ಮುಖ ನನಗೆ ಗೊತ್ತಿತ್ತು. ನನ್ನ ಕೋಣೆ ಇರುವ ಕಟ್ಟಡದ ಮಗ್ಗುಲಿಗೇ ಒಂದು ಓಣಿ. ಅದರ ಒಂದು ಬದಿಗೆ ಏಳೆಂಟು ಹೆಂಗಸರು ಬುಟ್ಟಿಯಿಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಅದು ಮಾರ್ಕೆಟ್ಟಲ್ಲ, ಯಾರೂ ಕಟ್ಟಿಸಿದ್ದಲ್ಲ. ಅವರ ಅತ್ತೆಯಂದಿರು ಕೂತಿದ್ದರು, ಈಗ ಇವರು ಕೂರುತ್ತಾರೆ. ಇವಳದು ಮೂಲೆಯ ಜಾಗ, ರಸ್ತೆಯಿಂದ ತಿರುಗಿದವರಿಗೆ ಮೊದಲು ಕಾಣುವ ಜಾಗ. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಸಮುದ್ರದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಆ ಮೂಲೆಯಿಂದಲೇ. ಜೊತೆಗೆ ಬಂದಿದ್ದ ಮಗಳು ಆಸ್ಪತ್ರೆಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಸ್ಕ್ಯಾನಿಂಗ್ ಸರಿ ಇದೆ, ರಕ್ತ ಸರಿ ಇದೆ, ಕೊಳವೆ ಇಳಿಸಿ ಒಳಗೆ ನೋಡಿದ್ದೂ ಸರಿ ಇದೆ.

‘ಎಲ್ಲ ಸಮ ಉಂಟಂತೆ ಡಾಕ್ಟ್ರಮ್ಮ. ನಂಗೆ ಮಾತ್ರ ಸಮ ಇಲ್ಲ. ಹೊಟ್ಟೆ ಕಲ್ಲಾತದೆ. ಕೂತ್ರೆ ಏಳುಕೆ ಆಗುದಿಲ್ಲ, ಎದ್ರೆ ಕೂರುಕೆ ಆಗುದಿಲ್ಲ’ ಎಂದಳು.

ಮಗಳು ನಡುವೆ ಬಾಯಿ ಹಾಕಿದಳು. ‘ಈ ಮಳೆಗಾಲ ಕಳೆದ ಮೇಲೆ ಕೂರುದು ಬೇಡ ಅಂದೆ ಮೇಡಂ. ಪಕ್ಕದಲ್ಲಿ ಕೂರುವವ್ರು ಆ ಜಾಗ ಕೇಳ್ತಾನೇ ಇದ್ರು. ಬಿಟ್ಟು ಮನೇಲಿ ಇರ್ಲಿ.’

ತಾಯಿ ಕಾಗದಗಳನ್ನು ಒಂದೊಂದಾಗಿ ಮಡಿಸತೊಡಗಿದಳು. ‘ಆ ಜಾಗ ಬಿಟ್ರೆ ನಾನು ಮನೇಲಿ ಯಾರು?’ ಎಂದಳು. ಮಗಳಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯಲಿಲ್ಲ. ಜೂನ್, ಜುಲೈ ಬೋಟು ಇಳಿಯುವಂತಿಲ್ಲ. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಶುರುವಾಗುವ ಹೊತ್ತಿಗೆ ಹೊಟ್ಟೆ ಸರಿಯಾದರೆ ಕೂರುವುದು, ಇಲ್ಲದಿದ್ದರೆ ಜಾಗ ಬಿಟ್ಟುಕೊಡುವುದು ಎಂದು ತಾಯಿ ಮಗಳ ನಡುವೆ ಮಾತಾಗಿತ್ತು. ಒಮ್ಮೆ ಬಿಟ್ಟ ಜಾಗ ಆ ಸಾಲಿನಲ್ಲಿ ಮರಳಿ ಸಿಗುವುದಿಲ್ಲ. ಅವಳನ್ನು ಆ ಮೂಲೆಗೆ ಮತ್ತೆ ಕೂರಿಸಿಯೇ ಸಿದ್ಧ ಎಂದು ನಾನು ಆಗಲೇ ಮನಸ್ಸಿನಲ್ಲಿ ಅಂದುಕೊಂಡೆ. ನನಗೆ ಹಟ ಹುಟ್ಟಲು ಹೆಚ್ಚು ಹೊತ್ತು ಬೇಡ.

ಊಟ ಕೇಳಿದೆ. ಹೇಳಿದ್ದು ಕೆಟ್ಟದ್ದೇನಿರಲಿಲ್ಲ. ನೀರು ಕುಡಿಯುತ್ತೀರಾ ಎಂದರೆ ‘ಕುಡಿತೆ, ಕುಡಿತೆ’ ಎಂದಳು. ನೀರಿನ ಪ್ರಶ್ನೆಗೆ ಎಲ್ಲರೂ ಎರಡು ಸಲ ಹೌದೆನ್ನುತ್ತಾರೆ. ಔಷಧಿ ಏನಾದರೂ ಎಂದಾಗ ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದಳು. ಇಸಬ್ಗೋಲ್ ಹೊಟ್ಟು. ಯಾರೋ ನೆಂಟರು ಹೇಳಿದ್ದಂತೆ, ನಾರಿನ ಅಂಶ ಹೆಚ್ಚಾದರೆ ಹೊಟ್ಟೆ ಸಲೀಸು ಎಂದು.

‘ಹ್ಯಾಗೆ ತಗೊಳ್ತ್ರಿ?’

‘ಬೆಳಿಗ್ಗೆ ಹೊರಡುವಾಗ. ಒಂದು ಮುಷ್ಟಿ ಅವಲಕ್ಕಿ ಸಂಗ್ತಿಗೆ ಹಾಕ್ಕೊಂಡು ತಿಂತೆ.’

‘ನೀರು?’

‘ಆಮೇಲೆ’ ಎಂದಳು. ಯಾವಾಗ ಎಂದು ಹೇಳಲಿಲ್ಲ.

ಆ ಪೊಟ್ಟಣ ಕಸಿದು ನನ್ನ ಮೇಜಿನ ಖಾನೆಗೆ ಹಾಕಿದೆ. ಒಣ ಹೊಟ್ಟು ನೀರು ಸಿಕ್ಕಲ್ಲಿ ಹೀರಿ ಉಬ್ಬುವ ವಸ್ತು. ನೀರಿಲ್ಲದೆ ತಿಂದರೆ ಕೊಟ್ಟಿಗೆಯ ದನಕ್ಕೆ ಇಡೀ ದಿನ ಒಣ ಹುಲ್ಲು ಹಾಕಿ ನೀರಿನ ಬಾನಿ ಖಾಲಿ ಇಟ್ಟಂತೆ. ಹಾಗೆಂದು ಹೇಳಿದಾಗ ಅವಳು ನಕ್ಕಳು, ಆದರೆ ಮುಖ ತಿರುಗಿಸಿ ನಕ್ಕಳು. ಅಲ್ಲೇನೋ ಇದೆ ಎಂದು ನನಗನಿಸಿತು. ಕೊನೆಗೆ ಕೇಳಿದೆ, ವರ್ಷ ಪೂರ್ತಿ ಹೀಗೆಯೇ ಇರುತ್ತದಾ ಎಂದು.

‘ಇಲ್ಲ, ಮಳೆಗಾಲ ಸಮ ಇರ್ತದೆ. ಉಷ್ಣ ಅಲ್ದಾ ಮತ್ತೆ’ ಎಂದಳು.

ಉಷ್ಣ ಎನ್ನುವುದು ನಮ್ಮ ಕಡೆ ಎಲ್ಲದಕ್ಕೂ ಸಿಗುವ ಉತ್ತರ. ಆದರೆ ಡಿಸೆಂಬರಿನ ಚಳಿಯಲ್ಲೂ ಅವಳ ಹೊಟ್ಟೆ ಕಲ್ಲಾಗುತ್ತಿತ್ತು. ಮಳೆಗಾಲದಲ್ಲಿ ಅವಳು ತಿನ್ನುತ್ತಿದ್ದದ್ದು ಒಣಮೀನು, ಹುರುಳಿ, ಹಲಸಿನ ಬೀಜ. ಎಲ್ಲ ಉಷ್ಣದ ಪದಾರ್ಥಗಳೇ; ಉಷ್ಣಕ್ಕೆ ಹೊಟ್ಟೆ ಹಾಳಾಗುವುದಾದರೆ ಆಗ ಹಾಳಾಗಬೇಕಿತ್ತು. ತಟ್ಟೆ ಬದಲಾದದ್ದರಿಂದ ಹೊಟ್ಟೆ ಸರಿಯಾಗುತ್ತಿದ್ದದ್ದಲ್ಲ. ಹಾಗಾದರೆ ಆ ಎರಡು ತಿಂಗಳು ಬೇರೆ ಏನು ಬದಲಾಗುತ್ತದೆ? ಅವಳು ಓಣಿಗೆ ಬಂದು ಕೂರುವುದಿಲ್ಲ, ಅಷ್ಟೇ. ಊಟದ ಕ್ರಮ ಬರೆದುಕೊಡುವುದನ್ನು ಅಲ್ಲಿಗೇ ನಿಲ್ಲಿಸಿದೆ. ಕೂತು ನೋಡದೆ ಇದು ತಿಳಿಯುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಓಣಿಗೆ ಹೋಗಿ ಅವಳ ಬದಿಯಲ್ಲಿ ಒಂದು ಹಳೆಯ ಮೀನಿನ ಕ್ರೇಟು ಬೋರಲು ಹಾಕಿ ಕೂತೆ. ಸಾಲಿಗೆ ಸಾಲೇ ನಗಲು ಶುರುಮಾಡಿತು.

‘ಊಟದ ಡಾಕ್ಟ್ರು ಮೀನಿಗೆ ಬಂದ್ರು ನೋಡಿ. ಎಂತ ಕೊಡುದು, ಬಂಗ್ಡೆಯಾ, ನೊಗ್ಲಿಯಾ?’ ಎಂದಳು ಪಕ್ಕದವಳು. ಆ ಮೂಲೆಯ ಜಾಗ ಕೇಳುತ್ತಿದ್ದವಳು ಅವಳೇ. ಇಬ್ಬರಿಗೂ ಗಿರಾಕಿಗಳ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾತು ಬಿಟ್ಟವರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ದಿನವಿಡೀ ಕೂರುವುದನ್ನು ನಾನು ಅಲ್ಲಿಯೇ ನೋಡಿದ್ದು.

ವಾಸನೆ ನನಗೆ ಮೊದಲರ್ಧ ಗಂಟೆ ಹೊಡೆಯಿತು, ಆಮೇಲೆ ಮರೆತುಹೋಯಿತು. ಅವಳ ಪಕ್ಕದಲ್ಲಿ ಬಣ್ಣದ ಡಬ್ಬಿಯಲ್ಲಿ ನೀರು, ಅದರಲ್ಲಿ ತೇಲುವ ತೆಂಗಿನ ಗರಟೆ. ಗಳಿಗೆಗೊಮ್ಮೆ ಗರಟೆ ಮುಳುಗಿಸಿ ಮೀನಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಮೀನು ಒಣಗಿದಂತೆ ಕಂಡರೆ ಗಿರಾಕಿ ನಿಲ್ಲುವುದಿಲ್ಲ. ಸಾಲಿನುದ್ದಕ್ಕೂ ಎಲ್ಲರದೂ ಅದೇ ಕೆಲಸ. ಬಿಸಿಲು ಏರಿತು, ನನ್ನ ಬಾಯಿ ಒಣಗಿತು, ಬಾಟಲಿ ತೆಗೆದು ಕುಡಿದೆ. ಕುಡಿಯುತ್ತಿರುವವಳು ಆ ಓಣಿಯಲ್ಲಿ ನಾನೊಬ್ಬಳೇ ಎಂದು ಆಗ ಗೊತ್ತಾಯಿತು. ಚಾ ಅಂಗಡಿಯ ಹುಡುಗ ಕೆಟಲ್ ಹಿಡಿದು ಓಣಿಯ ಬಾಯಿಯಿಂದಲೇ ಹಿಂದೆ ಹೋದ. ಈ ಸಾಲಿನಲ್ಲಿ ಅವನಿಗೆ ವ್ಯಾಪಾರವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೀನಿಗೆ ಡಬ್ಬಿಗಟ್ಟಲೆ ನೀರು ಹೋಯಿತು, ಹೆಂಗಸರ ಗಂಟಲಿಗೆ ಒಂದು ಹನಿ ಇಳಿಯಲಿಲ್ಲ.

‘ಅಕ್ಕ, ಬೆಳಿಗ್ಗಿಂದ ನೀವು ನೀರು ಕುಡಿದದ್ದು ನಾ ನೋಡಲೇ ಇಲ್ಲ’ ಎಂದೆ.

‘ಕುಡಿದ್ರೆ ಹೋಗ್ಬೇಕಲ್ಲ.’

‘ಹೋಗಿ ಬನ್ನಿ.’

‘ಎಲ್ಲಿಗೆ?’ ಎಂದಳು.

ನಾನು ಸುತ್ತ ನೋಡಿದೆ. ಒಂದು ಬದಿಗೆ ನಮ್ಮ ಕಟ್ಟಡದ ಗೋಡೆ, ಎದುರಿಗೆ ಅಂಗಡಿಗಳ ಬೆನ್ನು. ಅವು ಗಂಡಸರ ಅಂಗಡಿಗಳು, ಅವರಿಗೆ ಯಾವ ಗೋಡೆಯೂ ಸಾಕು. ಬಸ್ ಸ್ಟ್ಯಾಂಡಿಗೆ ಹೋಗಿ ಬರಲು ಅರ್ಧ ಗಂಟೆ. ‘ಅಲ್ಲಿಗೆ ಹೋಗಿ ಬರುದ್ರೊಳಗೆ ಗಿರಾಕಿ ಎಲ್ಲ ಈ ಬದಿಗೆ’ ಎಂದು ಅವಳು ಪಕ್ಕದವಳ ಕಡೆ ಹುಬ್ಬು ಹಾರಿಸಿದಳು. ಬಂದರಿಗೆ ಮೀನು ತರಲು ಅವಳು ಮನೆ ಬಿಡುವುದು ನಸುಕಿಗೆ. ಮತ್ತೆ ಮನೆ ಸೇರುವುದು ಮಧ್ಯಾಹ್ನ ಇಳಿದ ಮೇಲೆ. ಅಷ್ಟು ಹೊತ್ತೂ ನೀರಿಲ್ಲ, ಹೊಟ್ಟೆ ಕೇಳಿದರೂ ಏಳುವಂತಿಲ್ಲ. ಕೇಳಿ ಕೇಳಿ ಬೇಸತ್ತ ಹೊಟ್ಟೆ ಕೇಳುವುದನ್ನೇ ಬಿಟ್ಟಿತ್ತು. ಅದರ ಮೇಲೆ ಒಣ ಹೊಟ್ಟು ತಿಂದು ಕೂತರೆ ಕಲ್ಲಾಗದೆ ಇನ್ನೇನಾದೀತು?

ನನಗೆ ಬಂದ ಸಿಟ್ಟು ಯಾರ ಮೇಲೆಂದು ಹೇಳಲಾರೆ. ಅಷ್ಟೆಲ್ಲ ಕಾಗದಗಳಲ್ಲಿ ಒಂದು ಕಡೆಯೂ ಈ ಪ್ರಶ್ನೆ ಇರಲಿಲ್ಲ. ಪಕ್ಕದವಳ ಕಡೆ ತಿರುಗಿ, ನಿಮಗೆ ಹೇಗೆ ಅಕ್ಕ ಎಂದೆ. ಅವಳು ನಗುವುದನ್ನು ನಿಲ್ಲಿಸಿದಳು. ತಗ್ಗಿದ ದನಿಯಲ್ಲಿ, ‘ನಂಗೆ ಹೊಟ್ಟೆ ಅಲ್ಲ, ಮೂತ್ರ ಉರಿ. ತಿಂಗಳಿಗೊಂದು ಸಲ ಮಾತ್ರೆ ನುಂಗುದೇ ಆತು’ ಎಂದಳು. ಮೂರನೆಯವಳು ತನ್ನದನ್ನು ಹೇಳಿದಳು, ನಾಲ್ಕನೆಯವಳು ತನ್ನದನ್ನು. ಗಿರಾಕಿ ಬಂದಾಗ ಸುಮ್ಮನಾಗಿ, ಹೋದ ಮೇಲೆ ಮತ್ತೆ ಹೇಳುತ್ತಿದ್ದರು. ಅಷ್ಟು ವರ್ಷ ಸಾಲಾಗಿ ಕೂತವರು ಒಬ್ಬರದೊಬ್ಬರಿಗೆ ಗೊತ್ತಿಲ್ಲದೆ ಒಂದೇ ರೋಗ ಇಟ್ಟುಕೊಂಡಿದ್ದರು.

ಮಾಡಬೇಕಾದದ್ದು ನನಗೆ ಸ್ಪಷ್ಟವಾಗಿತ್ತು. ನಮ್ಮ ಕಟ್ಟಡದ ಹಿಂದೆ ಅಂಗಳವಿದೆ. ಅಂಗಳದ ಮೂಲೆಯಲ್ಲಿ ಒಂದು ಶೌಚಾಲಯವಿದೆ, ನನ್ನಲ್ಲಿಗೆ ಬರುವವರಿಗೆಂದು ಬಾಡಿಗೆಯ ಜೊತೆಗೇ ಸೇರಿದ್ದು. ಕೀಲಿ ನನ್ನ ಕೋಣೆಯ ಮೊಳೆಗೆ ತೂಗುತ್ತಿರುತ್ತದೆ. ಓಣಿಯ ಗೋಡೆಯಿಂದ ಆಚೆಗೆ ನಾಲ್ಕು ಹೆಜ್ಜೆ. ಆದರೆ ಒಳಗೆ ಹೋಗಬೇಕಾದರೆ ಅಂಗಳ ದಾಟಬೇಕು, ಅಂಗಳದಲ್ಲಿ ಬಾವಿಕಟ್ಟೆ ಇದೆ, ತುಳಸಿ ಇದೆ, ಮತ್ತು ಕಟ್ಟಡದ ಒಡತಿ ಇದ್ದಾರೆ.

ಒಡತಿ ಮಹಡಿಯಲ್ಲಿ ಒಬ್ಬರೇ ಇರುವ ಹಿರಿಯರು. ಮದುವೆಯಾಗಿ ಬಂದದ್ದು ಕರ್ಕಿಯ ಮನೆಗೆ. ಪೇಟೆಗೆ ಬಂದ ಮೇಲೂ ಮಡಿ ಬಿಟ್ಟಿರಲಿಲ್ಲ. ದೂರದ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕು. ಒಳ್ಳೆಯವರು, ಮಾಡಿದ ತಂಬುಳಿಯಲ್ಲಿ ನನಗೊಂದು ಪಾಲು ಮೆಟ್ಟಿಲಿಳಿದು ಬರುತ್ತಿತ್ತು. ಮಳೆ ಶುರುವಾದ ದಿನಗಳಲ್ಲಿ ಒಂದು ಮಧ್ಯಾಹ್ನ ಮೇಲೆ ಹೋಗಿ ನಮ್ಮ ಮನೆಮಾತಿನಲ್ಲೇ ವಿಷಯ ಹೇಳಿದೆ.

‘ಬೇಡ ಹೇಳ್ತ್ನಿಲ್ಲೆ ಕೂಸೇ. ಆದ್ರೆ ಬಾವಿ ಇದ್ದು, ತುಳಸಿ ಇದ್ದು. ಆ ವಾಸನೆ ಬಂದ್ರೆ ಹ್ಯಾಂಗೆ?’ ಎಂದರು.

‘ಅವಕ್ಕೆ ಹೋಪಲೆ ಬೇರೆ ಜಾಗ ಇಲ್ಲೆ, ಅತ್ತೆ.’

‘ಅದು ನಿಂಗೆ ಸಂಬಂಧ ಇಲ್ಲೆ. ನೀನು ಊಟ ಹೇಳು, ಸಾಕು.’

ವಾಸನೆ ಎಂಬ ಮಾತಿನ ಒಳಗೆ ಇನ್ನೊಂದು ಮಾತು ಇತ್ತು. ಅದನ್ನು ಅವರೂ ಹೇಳಲಿಲ್ಲ, ನಾನೂ ಹೇಳಿಸಲಿಲ್ಲ. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ನನ್ನ ಕೆಲಸ ತಟ್ಟೆಯಲ್ಲಿ ಶುರುವಾಗಿ ತಟ್ಟೆಯಲ್ಲೇ ಮುಗಿಯುವುದಿಲ್ಲ, ಒಳಗೆ ಹೋದದ್ದು ಹೊರಗೆ ಹೋಗುವವರೆಗೂ ನನ್ನದೇ ಎಂದೆ. ಅವರು ಚೊಂಬು ಎತ್ತಿಕೊಂಡು ಅಡುಗೆಮನೆಗೆ ಹೋದರು. ಆ ವಾರ ತಂಬುಳಿ ಇಳಿದು ಬರಲಿಲ್ಲ.

ಮೀನಿನವಳು ಮಳೆಗಾಲವಿಡೀ ಮನೆಯಲ್ಲಿದ್ದಳು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ನಿಜಕ್ಕೂ ಊಟ ಹೇಳುವ ಕೆಲಸ ಆಗ ಮಾಡಿದೆ. ನಸುಕಿನಲ್ಲಿ ಎದ್ದಕೂಡಲೇ ಬೆಚ್ಚಗಿನ ನೀರು, ಆಮೇಲೆ ಹೊಟ್ಟೆ ಕೇಳಲಿ ಬಿಡಲಿ ಹೋಗಿ ಕೂರುವುದು. ಮರೆತ ಹೊಟ್ಟೆಗೆ ಅಭ್ಯಾಸ ಮತ್ತೆ ಕಲಿಸಬೇಕು. ಬೆಳಗಿಗೆ ಅವಲಕ್ಕಿ ಬೇಡ, ಕುಚ್ಚಿಗೆ ಅಕ್ಕಿಯ ಗಂಜಿ, ಅದಕ್ಕೆ ಬೇಯಿಸಿದ ಹುರುಳಿ. ಹಿತ್ತಲಿನ ಬಸಳೆ, ಕೆಸುವಿನ ಸೊಪ್ಪು, ಬಾಳೆಕಾಯಿ ದಿನಕ್ಕೊಂದರಂತೆ. ಮಧ್ಯಾಹ್ನಕ್ಕೆ ಮುರುಗಲು ಹಣ್ಣಿನ ಹುಳಿ ಸಿಪ್ಪೆ ನೆನೆಸಿದ ನೀರು. ಮೀನು ಎಂದಿನಂತೆ. ಜುಲೈ ಕೊನೆಯ ಹೊತ್ತಿಗೆ ಅವಳ ಮುಖದ ಕಳೆಯೇ ಬೇರೆಯಾಗಿತ್ತು.

‘ನಿಮ್ಮ ಸೊಪ್ಪು ಕೆಲಸ ಮಾಡ್ತು ಮೇಡಂ’ ಎಂದಳು ಮಗಳು. ‘ಈಗ ಹೀಗೇ ಮನೇಲಿದ್ರೆ ಚೊಲೋ ಇರ್ತಾಳೆ.’

ಸೊಪ್ಪು ಕೆಲಸ ಮಾಡಿದ್ದು ನಿಜ. ಆದರೆ ಓಣಿಗೆ ಹೋಗಿ ಕೂತ ಮೊದಲ ವಾರದಲ್ಲೇ ಆ ಕೆಲಸ ಮಣ್ಣಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಬಹುಶಃ ತಾಯಿಗೂ ಗೊತ್ತಿತ್ತು. ಅಂಗಳದ ಶೌಚಾಲಯಕ್ಕೆ ಒಡತಿಯ ಒಪ್ಪಿಗೆ ಕೇಳುತ್ತೇನೆಂದು ಅವಳಿಗೆ ಹೇಳಿದ್ದೆ. ಅವಳು ಕೇಳಿದ್ದು ಒಂದೇ ಮಾತು. ‘ಕೀಲಿ ಸಿಕ್ತಾ ಡಾಕ್ಟ್ರಮ್ಮ?’

ಕೀಲಿ ಮೊಳೆಯಲ್ಲೇ ಇದೆ, ಒಪ್ಪಿಗೆ ಸಿಗಲಿಲ್ಲ ಎನ್ನಬೇಕಾಯಿತು. ಅವಳು ತಲೆಯಾಡಿಸಿದಳು. ‘ಆತು, ಬಿಡಿ. ಹಾಗಾದ್ರೆ ಪಕ್ಕದವಳಿಗೆ ಹೇಳಿ ಕಳಿಸ್ತೆ, ಜಾಗ ತಕ್ಕೊ ಅಂತ’ ಎಂದು ಎದ್ದಳು. ನನ್ನ ಮೇಲೆ ಅವಳಿಗೆ ಬೇಸರವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಮೀನಿನ ಋತು ಶುರುವಾಗುವವರೆಗೆ ಯಾರಿಗೂ ಏನೂ ಹೇಳಬೇಡಿ ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ ನನಗೇ ತಿಳಿಯದು.

ಆ ಓಣಿಯಲ್ಲಿ ಕೂತುಬಂದ ದಿನದಿಂದ ನನ್ನ ಪ್ರಶ್ನೆಗಳಿಗೆ ಇನ್ನೊಂದು ಸೇರಿತ್ತು. ನೀರು ಕುಡಿಯುತ್ತೀರಾ ಎಂದು ಕೇಳುವುದನ್ನು ಬಿಟ್ಟು, ನೀರು ಯಾವಾಗ ಕುಡಿಯುವುದಿಲ್ಲ ಎಂದು ಕೇಳತೊಡಗಿದೆ. ಕುಮಟೆಯಲ್ಲಿ ಒಬ್ಬ ಟೀಚರು ಶಾಲೆ ಇರುವ ದಿನ ಎಂದರು. ಭಟ್ಕಳದಲ್ಲಿ ಜವಳಿ ಅಂಗಡಿಯಲ್ಲಿ ನಿಲ್ಲುವ ಹುಡುಗಿ, ಅಂಗಡಿ ಬಾಗಿಲು ಹಾಕುವವರೆಗೆ ಎಂದಳು. ಶಿರಾಲಿಯಿಂದ ಬರುವ ಒಬ್ಬಳು, ಬಸ್ಸು ಹತ್ತುವ ದಿನ ಎಂದಳು. ಕೇಳಿದ್ದಕ್ಕೆ ಎಲ್ಲರೂ ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಹೇಳುತ್ತಿದ್ದರು.

ಆಗಸ್ಟ್ ಹತ್ತಿರ ಬಂದಿತ್ತು. ಒಂದು ದಿನ ಒಡತಿ ತಾವಾಗಿ ಕೆಳಗೆ ಬಂದರು. ಸಿಟ್ಟು ಒಂದು ಬದಿ, ಹೊಟ್ಟೆ ಇನ್ನೊಂದು ಬದಿ. ನಾಲ್ಕು ದಿನದಿಂದ ಹೊಟ್ಟೆ ಬಿಗಿದಿದೆ, ತ್ರಿಫಲಾ ಚೂರ್ಣಕ್ಕೂ ಜಗ್ಗಿಲ್ಲ ಎಂದರು. ಅವರಿಗೆ ಅದು ಹೊಸದಲ್ಲ, ಅವರ ಚೂರ್ಣದ ಡಬ್ಬಿ ನನಗಿಂತ ಹಳೆಯದು. ಎಲ್ಲರಿಗೂ ಕೇಳುವಂತೆ ಅವರಿಗೂ ಕೇಳಿದೆ, ಬೇರೆ ಉದ್ದೇಶವೇನೂ ಇಟ್ಟುಕೊಳ್ಳದೆ.

‘ಅತ್ತೆ, ನೀವು ನೀರು ಯಾವಾಗ ಕುಡಿತಿಲ್ಲೆ?’

‘ಎಂತ ಪ್ರಶ್ನೆಯೇ ಇದು’ ಎಂದರು. ಮತ್ತೆ ತಾವೇ ಹೇಳಿದರು. ‘ಮೊನ್ನೆ ನೆಂಟರ ಮನೆ ತಿಥಿಗೆ ಹೋಗಿದ್ದೆ ಅಲ್ದಾ. ಹಾಂಗೆ ಹೊರಗೆ ಹೋಪ ದಿನ ಬೆಳಿಗ್ಗೆ ಒಂದು ಗುಟುಕು ಚಾ, ಅಷ್ಟೇಯ. ತಿರುಗಿ ಮನೆಗೆ ಬಪ್ಪವರೆಗೂ ನೀರು ಮುಟ್ತ್ನಿಲ್ಲೆ. ಅಲ್ಲೆಲ್ಲ ಹೋಪಲೆ ಮನಸ್ಸಾಗ್ತಿಲ್ಲೆ.’

‘ಎಷ್ಟು ವರ್ಷದಿಂದ?’

ಅವರು ಕಿಟಕಿಯಾಚೆ ನೋಡಿದರು. ಕಿಟಕಿಯಾಚೆ ಓಣಿ, ಮಳೆಗೆ ಖಾಲಿ ಬಿದ್ದಿತ್ತು. ‘ಮದುವೆಯಾಗಿ ಬಂದಾಗಿಂದ. ಆಗ ಮನೆ ಹತ್ರ ಎಲ್ಲಿತ್ತು? ಹಿತ್ಲ ತುದಿಗೆ ಹೋಗವಾಗಿತ್ತು. ಬೆಳಕು ಹರಿಯೋ ಮುಂಚೆ, ಇಲ್ದಿದ್ರೆ ಕಪ್ಪಾದ ಮೇಲೆ. ಹಗಲು ಹೊಟ್ಟೆ ಕೇಳಿದ್ರೆ, ಸುಮ್ನಿರು ಹೇಳಿ ಹೇಳದು. ಹದಿನೇಳು ವರ್ಷದ ಕೂಸು ನಾನು. ನೀರಿನ ಹಂಡೆ ತುಂಬ್ಸದು ನಾನೇ, ಕುಡಿಯಲೆ ಹೆದರಿಕೆ.’

ಕೀಲಿಯ ವಿಷಯ ಹೇಳಬೇಕಾದದ್ದನ್ನೆಲ್ಲ ಜೂನಿನಲ್ಲೇ ಹೇಳಿ ಮುಗಿಸಿದ್ದೆ. ಬೆಚ್ಚಗಿನ ನೀರಿನದನ್ನೂ ಬಾಳೆದಿಂಡಿನದನ್ನೂ ಹೇಳಿ ಕಳಿಸಿದೆ. ಬಾಗಿಲ ಹತ್ತಿರ ನಿಂತು, ‘ಆ ಮೂಲೆಯವಳಿಗೆ ನನ್ನಷ್ಟು ವರ್ಷ ಆಗಿಕ್ಕಾ?’ ಎಂದು ಕೇಳಿದರು. ಇಲ್ಲ, ನಿಮಗಿಂತ ತುಂಬ ಸಣ್ಣವಳು ಎಂದೆ.

ಎರಡು ದಿನ ಬಿಟ್ಟು ಅಂಗಳದಲ್ಲಿ ಗಾರೆ ಕೆಲಸದವನ ಸದ್ದು ಕೇಳಿತು. ಓಣಿಯ ಬದಿಯ ಗೋಡೆಯಲ್ಲಿ ಹಿಂದೆ ಯಾವುದೋ ಕಾಲಕ್ಕೆ ಸೌದೆ ತರಲು ಇಟ್ಟಿದ್ದ ಸಣ್ಣ ಬಾಗಿಲಿತ್ತು, ಕಲ್ಲು ಕಟ್ಟಿ ಮುಚ್ಚಿದ್ದು. ಅದನ್ನು ತೆರೆಸುತ್ತಿದ್ದರು. ಅಲ್ಲಿಂದ ಶೌಚಾಲಯಕ್ಕೆ ನೇರ ದಾರಿ, ಬಾವಿಕಟ್ಟೆಯ ಹತ್ತಿರ ಸುಳಿಯಬೇಕಾಗಿಲ್ಲ. ಬಾವಿಯ ಬದಿಗೆ ಒಂದು ಸಣ್ಣ ಅಡ್ಡಗೋಡೆಯೂ ಎದ್ದಿತು. ನನಗೆ ಪೂರ್ತಿ ಖುಷಿಯಾಗಲಿಲ್ಲ. ಆ ಅಡ್ಡಗೋಡೆಯನ್ನು ನೋಡಿದಾಗ ಈಗಲೂ ನನಗೆ ಒಂದು ಮಾತು ನಾಲಿಗೆಯ ತುದಿಗೆ ಬರುತ್ತದೆ. ಆದರೆ ಹೆಂಗಸರಿಗೆ ಬೇಕಾದದ್ದು ನನ್ನ ಖುಷಿಯಲ್ಲ, ಬಾಗಿಲು. ಬಾಗಿಲು ತೆರೆದಿತ್ತು. ಒಡತಿ ಹೊಸ ಬೀಗದ ಎರಡು ಕೀಲಿ ತಂದು, ‘ಒಂದು ನಿಂಗೆ, ಒಂದು ಅವಕ್ಕೆ. ಸ್ವಚ್ಛ ಇಟ್ಕಳ್ಳವು, ಮತ್ತೆ ಹೇಳಿದ್ನಿಲ್ಲೆ ಹೇಳಡ’ ಎಂದರು. ಸಂಜೆ ಒಂದೆಲಗದ ತಂಬುಳಿ ಕೆಳಗೆ ಬಂತು.

ಇನ್ನು ಉಳಿದದ್ದು ಎದ್ದು ಹೋಗುವ ಪ್ರಶ್ನೆ. ಬಾಗಿಲಿದ್ದರೂ ಬುಟ್ಟಿ ಬಿಟ್ಟು ಏಳುವ ಧೈರ್ಯ ಬೇಕಲ್ಲ. ಆ ಇಬ್ಬರನ್ನೂ ಒಟ್ಟಿಗೆ ಕೋಣೆಗೆ ಕರೆಸಿ ಎದುರುಬದುರು ಕೂರಿಸಿದೆ. ಇಬ್ಬರೂ ನನ್ನನ್ನೇ ನೋಡುತ್ತ ಮಾತಾಡಿದರು. ‘ನಾ ಎದ್ರೆ ಇವಳು ನನ್ನ ಗಿರಾಕಿ ಕರೀತಾಳೆ’ ಎಂದು ಒಬ್ಬಳು. ‘ಇವಳೇನು ಕಮ್ಮಿಯಾ’ ಎಂದು ಇನ್ನೊಬ್ಬಳು. ಒಬ್ಬಳ ಹೊಟ್ಟೆ ಕಲ್ಲು, ಇನ್ನೊಬ್ಬಳ ಮೂತ್ರ ಉರಿ, ಇಬ್ಬರಿಗೂ ಮದ್ದು ಒಂದೇ, ಆ ಮದ್ದು ನನ್ನ ಹತ್ತಿರ ಇಲ್ಲ, ನಿಮ್ಮಿಬ್ಬರ ನಡುವೆ ಇದೆ ಎಂದೆ. ಕೀಲಿ ಮೇಜಿನ ನಡುವೆ ಇಟ್ಟೆ. ತುಂಬ ಹೊತ್ತು ಯಾರೂ ಮುಟ್ಟಲಿಲ್ಲ. ಕೊನೆಗೆ ಮೂಲೆಯವಳು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಇಬ್ಬರೂ ಬೇರೆ ಬೇರೆಯಾಗಿ ಬಾಗಿಲು ದಾಟಿ ಹೋದರು. ಈ ಕೆಲಸ ಆಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ನನಗೆ ಅನುಮಾನ ಬರುವುದು ಅಪರೂಪ, ಆ ದಿನ ಬಂದಿತ್ತು.

ಬೋಟುಗಳು ಇಳಿದು ಓಣಿಗೆ ಮೀನು ಬಂದ ಬೆಳಿಗ್ಗೆ ಭಟ್ಕಳದ ದಿನವಾಗಿದ್ದರೂ ನಾನು ಅಲ್ಲಿಗೆ ಹೋಗಲಿಲ್ಲ. ಬಿಸಿಲು ಬಂದಿತ್ತು. ಸಾಲು ತುಂಬಿತ್ತು, ಗಿರಾಕಿಗಳು ಮುಗಿಬಿದ್ದಿದ್ದರು. ಮೂಲೆಗೆ ತಿರುಗಿ ನೋಡಿದೆ. ಬುಟ್ಟಿ ಇತ್ತು, ಬಂಗಡೆಗಳ ಮೇಲೆ ನೀರು ಹೊಳೆಯುತ್ತಿತ್ತು, ಕೂರುವ ಗೋಣಿಚೀಲ ಇತ್ತು. ಅವಳು ಇರಲಿಲ್ಲ. ಪಕ್ಕದವಳು ಆ ಬುಟ್ಟಿಯ ಕಡೆಗೆ ಸರಿದು ಕೂತಿದ್ದಳು. ಗರಟೆಯಲ್ಲಿ ನೀರೆತ್ತಿ ಆ ಬಂಗಡೆಗಳ ಮೇಲೆ ಚಿಮುಕಿಸುತ್ತಿದ್ದಳು. ಜಾಗ ಕೈಬದಲಾಯಿತು ಎಂದುಕೊಂಡೆ.

ಪ್ಯಾಂಟು ಮೊಣಕಾಲಿಗೆ ಮಡಿಸಿದ ಗಿರಾಕಿಯೊಬ್ಬ ಪಕ್ಕದವಳ ಸ್ವಂತ ಬುಟ್ಟಿಯ ಮೀನಿಗೆ ಬಗ್ಗಿದ. ಅವಳು ಅವನ ಕೈ ತಡೆದಳು. ‘ನೀವು ಯಾವಾಗ್ಲೂ ಅವಳ ಹತ್ರ ತಗೊಳ್ಳೋರು ಅಲ್ದಾ? ಅವಳ ಬುಟ್ಟಿ ಇದು. ಎಷ್ಟು ಬೇಕು ಹೇಳಿ, ನಾ ಕೊಡ್ತೆ’ ಎಂದು ಮೂಲೆಯ ಬುಟ್ಟಿಯಿಂದ ಬಂಗಡೆ ಎತ್ತಿ ಹಾಕಿದಳು. ದುಡ್ಡು ತೆಗೆದುಕೊಂಡು ಆ ಗೋಣಿಚೀಲದ ಅಡಿಗೆ ಸರಿಸಿದಳು.

ಗೋಡೆಯ ಸಣ್ಣ ಬಾಗಿಲು ಕಿರ್ರೆಂದಿತು. ಮೂಲೆಯವಳು ಸೆರಗಿಗೆ ಕೈ ಒರೆ‌ಸಿಕೊಳ್ಳುತ್ತ ಬಂದಳು, ಅವಸರವಿಲ್ಲದೆ. ಗೋಣಿಚೀಲದ ಮೇಲೆ ಕೂತು ನನ್ನನ್ನು ನೋಡಿದಳು.

‘ಎಂತ ನೋಡ್ತ್ರಿ ಡಾಕ್ಟ್ರಮ್ಮ, ನಿಮಗೆ ಬೇಡದ ಸಾಮಾನು’ ಎಂದಳು. ಬುಟ್ಟಿಯ ಹಿಂದಿನಿಂದ ಬಾಟಲಿ ತೆಗೆದು, ತಲೆಯೆತ್ತಿ, ಎಲ್ಲರ ಎದುರು ಗಟಗಟ ನೀರು ಕುಡಿದಳು. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿ ಪಕ್ಕದವಳ ಮಡಿಲಿಗೆ ಹಾಕಿದಳು.

‘ಹೋಗಿ ಬಾ’ ಎಂದಳು. ‘ನಿನ್ನ ಬುಟ್ಟಿ ನಾ ನೋಡ್ತೆ.’

ಪಕ್ಕದವಳು ಎದ್ದು ಹೋದಳು.